ಆಂಟಿಬಯೋಟಿಕ್ ಉಳಿಸುವ ವೃತ್ತಿ: ಹೊರನಾಡಿನ ಕನ್ನಡ ವಿದ್ಯಾರ್ಥಿಗಳಿಗೆ ಕ್ಲಿನಿಕಲ್ ಫಾರ್ಮಸಿಯ ದಾರಿ

ಧಾರಾವಿ ಭಾಗದ 106 ಖಾಸಗಿ ವೈದ್ಯರಿಗೆ ಕ್ಷಯರೋಗಿಯೊಬ್ಬನಿಗೆ ಔಷಧ ಚೀಟಿ ಬರೆದುಕೊಡಲು ಹೇಳಲಾಯಿತು. ಬಂದದ್ದು 63 ಬಗೆಯ ಚಿಕಿತ್ಸೆ. ಅವುಗಳಲ್ಲಿ ಸರಿಯಾದ ಚೀಟಿ ಬರೆದವರು ಆರು ಮಂದಿ ಮಾತ್ರ. ಮುಂಬೈಯ ಹಿಂದುಜಾ ಆಸ್ಪತ್ರೆಯ ಡಾ. ಝರೀರ್ ಉದ್ವಾಡಿಯಾ ಮತ್ತು ಸಂಗಡಿಗರು ಈ ಅಧ್ಯಯನವನ್ನು 2010ರಲ್ಲಿ ಪ್ರಕಟಿಸಿದರು. ಮರುವರ್ಷದ ಕೊನೆಯಲ್ಲಿ, ಪರೀಕ್ಷಿಸಿದ ಯಾವ ಔಷಧಕ್ಕೂ ಬಗ್ಗದ ಕ್ಷಯ ತಗುಲಿದ ನಾಲ್ವರ ವಿವರವನ್ನು ಅದೇ ಆಸ್ಪತ್ರೆಯ ವೈದ್ಯರು ಜಗತ್ತಿನ ಮುಂದಿಟ್ಟರು. ನಾನು ಎತ್ತಿ ಹೇಳಬೇಕೆಂದಿರುವುದು ಇಷ್ಟು: ಆ ರೋಗಿಗಳಿಗೆ ಔಷಧ ಸಿಗದೆ ಹೀಗಾಗಲಿಲ್ಲ. ಔಷಧ ಸಿಕ್ಕಿತ್ತು, ಆದರೆ ಅವರಲ್ಲಿ ಮೂವರಿಗೆ ಅದನ್ನು ಕೊಟ್ಟ ರೀತಿ ತಪ್ಪಿತ್ತು. ಔಷಧದ ಆಯ್ಕೆ, ಪ್ರಮಾಣ, ಅವಧಿ ಈ ಮೂರನ್ನು ಸರಿಪಡಿಸುವುದೇ ದಿನದ ಕೆಲಸವಾಗಿರುವ ಒಂದು ವೃತ್ತಿ ಇದೆ, ಅದರ ಹೆಸರು ಕ್ಲಿನಿಕಲ್ ಫಾರ್ಮಸಿ.

ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು. ಭಾರತದ ಪಾಲು ಹತ್ತಿರ ಹತ್ತಿರ ಮೂರು ಲಕ್ಷ. ಇಷ್ಟಿದ್ದರೂ ಮಾಟುಂಗಾ, ಡೊಂಬಿವಲಿ, ಪಿಂಪ್ರಿ, ವಾಸ್ಕೋಗಳ ನಮ್ಮ ಕನ್ನಡ ಮನೆಗಳಲ್ಲಿ ಫಾರ್ಮಸಿ ಎಂದೊಡನೆ ನೆನಪಾಗುವುದು ಮೆಡಿಕಲ್ ಅಂಗಡಿ, ಇಲ್ಲವೇ ಔಷಧ ಕಂಪನಿಯ ಚೀಲ ಹೊತ್ತ ಪ್ರತಿನಿಧಿ. ವೈದ್ಯಕೀಯ ಸೀಟು ಕೈತಪ್ಪಿದವರ ಸಮಾಧಾನದ ಕೋರ್ಸ್ ಎಂದೂ ಹೇಳುವವರಿದ್ದಾರೆ. ಮುಂಬೈಯ ವಾರ್ಡುಗಳಲ್ಲಿ ಈ ಕೆಲಸ ಮಾಡುತ್ತಿರುವ ನನಗೆ ಆ ಮಾತು ಕೇಳಿದರೆ ಸಂಕಟವಾಗುತ್ತದೆ. ಹನ್ನೆರಡನೆಯ ತರಗತಿಯ ವಿಜ್ಞಾನದ ಮಕ್ಕಳಿಗೂ ಅವರ ತಂದೆತಾಯಿಯರಿಗೂ, ಈಗಾಗಲೇ ಬಿ.ಫಾರ್ಮ್ ಓದಿ ಮುಂದೇನು ಎಂದು ಯೋಚಿಸುತ್ತಿರುವವರಿಗೂ ಈ ಲೇಖನ.

ಮೊದಲು ಕೆಲಸವನ್ನು ಕಣ್ಣಾರೆ ನೋಡಿ

ಅರ್ಜಿ ತುಂಬುವ ಮೊದಲು, ಕ್ಲಿನಿಕಲ್ ಫಾರ್ಮಸಿಸ್ಟ್ ಇರುವ ಆಸ್ಪತ್ರೆಯೊಂದರಲ್ಲಿ ಅನುಮತಿ ಪಡೆದು ಅರ್ಧ ದಿನವಾದರೂ ಅವರ ಜೊತೆ ಇರಲು ಪ್ರಯತ್ನಿಸಿ. ನಿಮಗೆ ಕಾಣುವುದು ಹೀಗಿರುತ್ತದೆ. ಬೆಳಗ್ಗೆ ಐಸಿಯುದಲ್ಲಿ ಯಾರ್ಯಾರಿಗೆ ಯಾವ ಆಂಟಿಬಯೋಟಿಕ್ ಎಷ್ಟನೆಯ ದಿನಕ್ಕೆ ಬಂದಿದೆ ಎಂಬ ಪಟ್ಟಿ ತೆಗೆಯುತ್ತಾರೆ. ಹಿಂದಿನ ದಿನ ಕಳಿಸಿದ ರಕ್ತ, ಮೂತ್ರ, ಕಫದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಏನಾಯಿತೆಂದು ಮೈಕ್ರೋಬಯಾಲಜಿ ಪ್ರಯೋಗಾಲಯಕ್ಕೆ ಫೋನ್ ಮಾಡುತ್ತಾರೆ. ಮೂತ್ರಪಿಂಡ, ಯಕೃತ್ತಿನ ವರದಿಗಳನ್ನು ನೋಡಿ ಡೋಸ್ ಲೆಕ್ಕ ಹಾಕುತ್ತಾರೆ. ಆಮೇಲೆ ವೈದ್ಯರ ಜೊತೆ ರೌಂಡ್ಸ್‌ಗೆ ಹೊರಡುತ್ತಾರೆ. ಮೆರೊಪೆನೆಮ್ ಜೊತೆಗೆ ಮೆಟ್ರೊನಿಡಜೋಲ್ ಏಕೆ, ಮೆಟ್ರೊನಿಡಜೋಲ್ ಹೊಡೆಯುವ, ಗಾಳಿಯಿಲ್ಲದೆಡೆ ಬೆಳೆಯುವ ಬ್ಯಾಕ್ಟೀರಿಯಾಗಳನ್ನು ಮೆರೊಪೆನೆಮ್ ಕೂಡ ಹೊಡೆಯುತ್ತದಲ್ಲ ಎಂದು ಕೇಳುತ್ತಾರೆ. ಊಟ ಮಾಡುತ್ತಿರುವ ರೋಗಿಗೆ ಲಿನೆಜೋಲಿಡ್ ಇಂಜೆಕ್ಷನ್ ಬದಲು ಗುಳಿಗೆ ಕೊಡಬಹುದು, ರಕ್ತಕ್ಕೆ ಸೇರುವ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಎಂದು ತಿಳಿಸುತ್ತಾರೆ. ಅಪಸ್ಮಾರಕ್ಕೆ ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿರುವವರಿಗೆ ಮೆರೊಪೆನೆಮ್ ಬರೆದಿದ್ದರೆ ತಡೆಯುತ್ತಾರೆ, ಏಕೆಂದರೆ ಅದು ವಾಲ್ಪ್ರೊಯೇಟ್ ಮಟ್ಟವನ್ನು ಕುಸಿಯುವಂತೆ ಮಾಡಿ ಮತ್ತೆ ಫಿಟ್ಸ್ ತರಬಲ್ಲದು.

ಇಲ್ಲಿ ಯಾರೂ ಬಂದು ನಿಮಗೆ ಕೈಮುಗಿಯುವುದಿಲ್ಲ. ಮನೆಗೆ ಹೋಗುವ ರೋಗಿಗೆ ನಿಮ್ಮ ಹೆಸರೂ ಗೊತ್ತಿರುವುದಿಲ್ಲ. ಲೆಕ್ಕ, ಓದು, ಪಟ್ಟು ಹಿಡಿದ ಮಾತುಕತೆ ಈ ಮೂರರಲ್ಲಿ ಸುಖ ಕಾಣುವವರಿಗೆ ಇದು ಒಪ್ಪುತ್ತದೆ.

ಯಾವ ಪದವಿ, ಎಲ್ಲಿ

ಹನ್ನೆರಡನೆಯ ತರಗತಿಯ ನಂತರ ನೇರ ದಾರಿ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ). ಭಾರತದಲ್ಲಿ 2008ರಲ್ಲಿ ಆರಂಭವಾದ ಈ ಕೋರ್ಸ್ ಆರು ವರ್ಷದ್ದು: ಐದು ವರ್ಷ ಓದು, ಕೊನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಬಿ.ಫಾರ್ಮ್ ಮುಗಿಸಿದವರಿಗೆ ಮೂರು ವರ್ಷದ ಫಾರ್ಮ್.ಡಿ ಇದೆ. ಇಲ್ಲವೇ ಜಿಪ್ಯಾಟ್ ಪ್ರವೇಶ ಪರೀಕ್ಷೆ ಬರೆದು ಫಾರ್ಮಸಿ ಪ್ರಾಕ್ಟೀಸ್ ವಿಷಯದಲ್ಲಿ ಎರಡು ವರ್ಷದ ಎಂ.ಫಾರ್ಮ್ ಮಾಡಬಹುದು. ಡಿ.ಫಾರ್ಮ್ ಎರಡು ವರ್ಷದ ಡಿಪ್ಲೊಮಾ. ಔಷಧ ಅಂಗಡಿಗೆ ಅದು ಸಾಕು, ವಾರ್ಡಿನ ಈ ಕೆಲಸಕ್ಕೆ ಸಾಲದು.

ಮಹಾರಾಷ್ಟ್ರದಲ್ಲಿ ಬಿ.ಫಾರ್ಮ್, ಫಾರ್ಮ್.ಡಿ ಎರಡಕ್ಕೂ ಎಂಎಚ್‌ಟಿ-ಸಿಇಟಿ ಬರೆಯಬೇಕು. ಕರ್ನಾಟಕಕ್ಕೆ ಹೋಗಿ ಓದುವ ಮನಸ್ಸಿದ್ದರೆ ಕೆಸಿಇಟಿ ಇದೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತ್ಯೇಕ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಆ ವರ್ಗಗಳ ಅರ್ಹತಾ ನಿಯಮಗಳನ್ನು ಆಯಾ ವರ್ಷದ ಕೈಪಿಡಿಯಲ್ಲಿ ಸಾಲು ಸಾಲಾಗಿ ಓದಿ. ಮುಂಬೈಯಲ್ಲಿ ಹುಟ್ಟಿ ಬೆಳೆದ ಮಕ್ಕಳು ಮನೆಯಲ್ಲಿ ಕನ್ನಡ ಓದುಬರಹ ಕಲಿತಿದ್ದರೆ ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೈಸೂರಿನ ಜೆಎಸ್‌ಎಸ್, ಮಣಿಪಾಲದ ಫಾರ್ಮಸಿ ಕಾಲೇಜು, ಬೆಳಗಾವಿಯ ಕೆಎಲ್‌ಇ ಮೂರಕ್ಕೂ ದೊಡ್ಡ ಬೋಧನಾ ಆಸ್ಪತ್ರೆಗಳ ಬೆಂಬಲವಿದೆ. ಗೋವಾದವರಿಗೂ ಪುಣೆಯವರಿಗೂ ಬೆಳಗಾವಿ ಏನೂ ದೂರವಲ್ಲ. ಪುಣೆಯಲ್ಲೇ ಇರಬೇಕೆನ್ನುವವರು ಭಾರತಿ ವಿದ್ಯಾಪೀಠದ ಪೂನಾ ಕಾಲೇಜ್ ಆಫ್ ಫಾರ್ಮಸಿಯನ್ನು ನೋಡಬಹುದು. ಮುಂಬೈಯ ಕಲೀನಾದ ಬಾಂಬೆ ಕಾಲೇಜ್ ಆಫ್ ಫಾರ್ಮಸಿ, ಪಣಜಿಯ ಸರ್ಕಾರಿ ಗೋವಾ ಕಾಲೇಜ್ ಆಫ್ ಫಾರ್ಮಸಿ ಬಿ.ಫಾರ್ಮ್‌ಗೆ ಹೆಸರಾದವು, ಅಲ್ಲಿ ತಳಪಾಯ ಹಾಕಿಕೊಂಡು ನಂತರ ಕ್ಲಿನಿಕಲ್ ಕಡೆ ಹೊರಳುವುದೂ ಒಳ್ಳೆಯ ಯೋಜನೆಯೇ.

ಆದರೆ ಕಾಲೇಜಿನ ಹೆಸರಿಗಿಂತ ದೊಡ್ಡ ಪ್ರಶ್ನೆಯೊಂದಿದೆ, ಪ್ರವೇಶದ ದಿನವೇ ಅದನ್ನು ಕೇಳಬೇಕು: ವಿದ್ಯಾರ್ಥಿಗಳು ಯಾವ ಆಸ್ಪತ್ರೆಗೆ, ವಾರಕ್ಕೆ ಎಷ್ಟು ದಿನ, ಯಾರ ಜೊತೆ ರೌಂಡ್ಸ್‌ಗೆ ಹೋಗುತ್ತಾರೆ? ಕಾಗದದ ಮೇಲೆ ಮುನ್ನೂರು ಹಾಸಿಗೆಯ ಆಸ್ಪತ್ರೆಯ ಜೊತೆ ಒಪ್ಪಂದವಿದ್ದು, ಮಕ್ಕಳು ರೆಕಾರ್ಡ್ ರೂಮಿನಲ್ಲಿ ಕುಳಿತು ಹಳೆಯ ಫೈಲುಗಳನ್ನು ನಕಲು ಮಾಡುವ ಕಾಲೇಜುಗಳಿವೆ. ನಾನು ಸಂದರ್ಶನ ಮಾಡಿದ ಕೆಲವು ಫಾರ್ಮ್.ಡಿ ಪದವೀಧರರು ಆರು ವರ್ಷ ಓದಿದ್ದರೂ ಒಂದು ಕಲ್ಚರ್ ವರದಿಯನ್ನು ಕೈಯಲ್ಲಿ ಹಿಡಿದು ವೈದ್ಯರೊಡನೆ ಮಾತನಾಡಿದವರಾಗಿರಲಿಲ್ಲ. ತಪ್ಪು ಅವರದಲ್ಲ. ಅಪ್ಪ ಅಮ್ಮ ಶುಲ್ಕ ಕಟ್ಟುವ ಮುನ್ನ ನಾಲ್ಕನೆಯ, ಐದನೆಯ ವರ್ಷದ ವಿದ್ಯಾರ್ಥಿಗಳನ್ನು ಹುಡುಕಿ ಮಾತನಾಡಿಸಿ. ಕಾಲೇಜಿನ ಕೈಪಿಡಿಯಲ್ಲಿ ಇಲ್ಲದ್ದನ್ನು ಅವರು ಹೇಳುತ್ತಾರೆ.

ಪದವಿಯ ನಂತರ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಕಡ್ಡಾಯ. ಓದಿದ್ದು ಕರ್ನಾಟಕದಲ್ಲಿ, ಕೆಲಸ ಮುಂಬೈಯಲ್ಲಿ ಎಂದಾದರೆ ವರ್ಗಾವಣೆಯ ಕಾಗದಪತ್ರಗಳಿಗೆ ಸಮಯ ಹಿಡಿಯುತ್ತದೆ, ಬೇಗ ಶುರುಮಾಡಿ.

ಓದುವಾಗಲೇ ಕೈಗೆ ಹತ್ತಬೇಕಾದ ವಿದ್ಯೆಗಳು

ಮೊದಲನೆಯದು ಮೂತ್ರಪಿಂಡದ ಲೆಕ್ಕ. ಉದಾಹರಣೆಗೆ 72 ವರ್ಷದ, 48 ಕಿಲೋ ತೂಕದ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯ) 1.4. ವರದಿ ನೋಡಿದವರು ‘ಸ್ವಲ್ಪ ಹೆಚ್ಚಿದೆ’ ಎಂದು ಮುಂದೆ ಹೋಗುತ್ತಾರೆ. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಹಾಕಿ ನೋಡಿ: 140ರಿಂದ ವಯಸ್ಸನ್ನು ಕಳೆದರೆ 68, ಅದನ್ನು ತೂಕದಿಂದ ಗುಣಿಸಿದರೆ 3264, ಕ್ರಿಯಾಟಿನಿನ್‌ನ 72 ಪಟ್ಟು, ಅಂದರೆ 100.8ರಿಂದ ಭಾಗಿಸಿ, ಹೆಣ್ಣಾದ್ದರಿಂದ 0.85ರಿಂದ ಗುಣಿಸಿದರೆ ನಿಮಿಷಕ್ಕೆ 27.5 ಮಿಲಿಲೀಟರ್, ಇದು ಮೂತ್ರಪಿಂಡ ರಕ್ತವನ್ನು ಸೋಸುವ ವೇಗದ ಅಂದಾಜು. ಆರೋಗ್ಯವಂತ ತರುಣರಲ್ಲಿ ಈ ಅಂಕಿ ನೂರರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಎಂಟು ಗಂಟೆಗೊಮ್ಮೆ ಕೊಡುವ ಒಂದು ಗ್ರಾಂ ಮೆರೊಪೆನೆಮ್ ಈ ಅಜ್ಜಿಗೆ ಹನ್ನೆರಡು ಗಂಟೆಗೊಮ್ಮೆ ಸಾಕು. ಸೆಫೆಪಿಮ್ ಕೊಡುತ್ತಿದ್ದು ಡೋಸ್ ಇಳಿಸದೆ ಬಿಟ್ಟರೆ ಅವರು ಎರಡು ಮೂರು ದಿನಗಳಲ್ಲಿ ತಡವರಿಸಿ ಮಾತನಾಡಬಹುದು, ಗುರುತು ಹಿಡಿಯದೆ ಹೋಗಬಹುದು. ಮನೆಯವರು ವಯಸ್ಸಿನ ಮರೆವು ಎಂದುಕೊಳ್ಳುತ್ತಾರೆ, ಕಾರಣ ಔಷಧ.

ಇದರ ಮತ್ತೊಂದು ಮುಖವನ್ನು ಪಠ್ಯಪುಸ್ತಕಗಳು ಸಾಕಷ್ಟು ಒತ್ತಿ ಹೇಳುವುದಿಲ್ಲ. ಸೆಪ್ಸಿಸ್ (ಸೋಂಕು ವಿಷಮಿಸಿ ಅಂಗಾಂಗಗಳು ಕೆಡುವ ಸ್ಥಿತಿ) ಆಗಿ ಬಂದ ರೋಗಿಯ ಕ್ರಿಯಾಟಿನಿನ್ ಮೊದಲ ದಿನ ಏರಿರುತ್ತದೆ, ಸಲೈನ್ ಹೋದ ಮೇಲೆ ಎಷ್ಟೋ ಸಲ ಎರಡು ದಿನಗಳಲ್ಲಿ ಇಳಿಯುತ್ತದೆ. ಮೊದಲ ದಿನದ ಅಂಕಿ ನೋಡಿ ಮೆರೊಪೆನೆಮ್‌ನಂಥ ಔಷಧದ ಡೋಸ್ ಕತ್ತರಿಸಿದರೆ, ಬ್ಯಾಕ್ಟೀರಿಯಾ ಅತಿ ಹೆಚ್ಚಿರುವ ಹೊತ್ತಿನಲ್ಲೇ ಔಷಧ ಕಡಿಮೆ ಬೀಳುತ್ತದೆ. ಅರೆಪ್ರಮಾಣದ ಔಷಧದಲ್ಲಿ ಬ್ಯಾಕ್ಟೀರಿಯಾಗಳು ಪ್ರತಿರೋಧ ಕಲಿಯುತ್ತವೆಂದು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು. ಆದ್ದರಿಂದ ಲೆಕ್ಕ ಒಂದು ದಿನದ್ದಲ್ಲ, ಪ್ರತಿದಿನದ್ದು. ಡೋಸ್ ಇಳಿಸಲು ಹೇಳುವಷ್ಟೇ ಧೈರ್ಯವಾಗಿ ಏರಿಸಲು ಹೇಳುವುದನ್ನೂ ಕಲಿಯಬೇಕು.

ಎರಡನೆಯದು ಕಲ್ಚರ್ ವರದಿ ಓದುವುದು. ವರದಿಯಲ್ಲಿ ಪ್ರತಿ ಔಷಧದ ಮುಂದೆ ಎಂಐಸಿ ಎಂಬ ಅಂಕಿ ಇರುತ್ತದೆ, ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ. ಅತಿ ಸಣ್ಣ ಅಂಕಿ ಇರುವುದೇ ಅತ್ಯುತ್ತಮ ಔಷಧ ಎಂದು ಹೊಸಬರು ತಿಳಿಯುತ್ತಾರೆ, ಎಷ್ಟೋ ಅನುಭವಿಗಳೂ ತಿಳಿಯುತ್ತಾರೆ. ಒಂದು ಔಷಧದ ಎಂಐಸಿಯನ್ನು ಇನ್ನೊಂದರ ಎಂಐಸಿಗೆ ಹೋಲಿಸಲಾಗದು. ಪ್ರತಿಯೊಂದಕ್ಕೂ, ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವ, ಅದರದೇ ಗಡಿ ಅಂಕಿ ಇದೆ. ಔಷಧ ಸೋಂಕಿನ ಜಾಗಕ್ಕೆ ತಲುಪುತ್ತದೆಯೇ ಎಂಬುದೂ ಮುಖ್ಯ. ನೈಟ್ರೊಫ್ಯುರಾಂಟೊಯಿನ್ ಮೂತ್ರಕೋಶದ ಸೋಂಕಿಗೆ ಒಳ್ಳೆಯದು, ರಕ್ತದ ಸೋಂಕಿಗೆ ನಿರುಪಯೋಗಿ, ವರದಿಯಲ್ಲಿ ಎಷ್ಟೇ ಚೆನ್ನಾಗಿ ಕಂಡರೂ. ಇನ್ನೊಂದು ಮಾತು: ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದ ಮಾತ್ರಕ್ಕೆ ಸೋಂಕು ಎಂದಲ್ಲ. ಉರಿ, ಜ್ವರ, ನೋವು ಏನೂ ಇಲ್ಲದ ವೃದ್ಧರಿಗೆ ವರದಿ ನೋಡಿ ಆಂಟಿಬಯೋಟಿಕ್ ಕೊಡುವುದು ಬಹುತೇಕ ಸಂದರ್ಭಗಳಲ್ಲಿ ಅನವಶ್ಯಕ. ಗರ್ಭಿಣಿಯರ ವಿಷಯ ಬೇರೆ.

ಮೂರನೆಯದು ಔಷಧಗಳ ಶ್ರೇಣಿ. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆಂಟಿಬಯೋಟಿಕ್‌ಗಳನ್ನು ಆಕ್ಸೆಸ್ (ಮೊದಲು ಬಳಸಬೇಕಾದವು), ವಾಚ್ (ಎಚ್ಚರದಿಂದ ಬಳಸಬೇಕಾದವು), ರಿಸರ್ವ್ (ಕಡೆಗೆಂದು ಕಾದಿರಿಸಿದವು) ಎಂದು ಮೂರು ಗುಂಪು ಮಾಡಿದೆ. ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ ಮೊದಲನೆಯದರಲ್ಲಿ. ನಮ್ಮಲ್ಲಿ ನೆಗಡಿಗೂ ಬರೆಯುವ ಅಜಿತ್ರೊಮೈಸಿನ್ ಎರಡನೆಯದರಲ್ಲಿ. ಕೊಲಿಸ್ಟಿನ್‌ನಂಥ ಕಡೆಯ ಅಸ್ತ್ರಗಳು ಮೂರನೆಯದರಲ್ಲಿ. ಜಗತ್ತಿನಲ್ಲಿ ಬಳಸುವ ಆಂಟಿಬಯೋಟಿಕ್‌ಗಳಲ್ಲಿ ಕನಿಷ್ಠ ಶೇ. 70 ಮೊದಲ ಗುಂಪಿನವಾಗಿರಬೇಕು, 2030ರ ಹೊತ್ತಿಗೆ, ಎಂದು 2024ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳು ಒಪ್ಪಿವೆ. ಇದರ ಜೊತೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಂಟಿಬಯೋಟಿಕ್ ಮಾರ್ಗಸೂಚಿ ನಿಮ್ಮ ಮೊಬೈಲಿನಲ್ಲಿ ಸದಾ ಇರಲಿ.

ವೈದ್ಯರೊಡನೆ ಮಾತನಾಡುವ ಬಗೆ

ಅರ್ಧ ವೃತ್ತಿ ಇದೇ. ಹಿರಿಯ ಸರ್ಜನ್ ಒಬ್ಬರು ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಐದು ದಿನ ಆಂಟಿಬಯೋಟಿಕ್ ಮುಂದುವರಿಸುತ್ತಿದ್ದಾರೆ ಎಂದುಕೊಳ್ಳಿ. ಹೆಚ್ಚಿನ ‘ಶುದ್ಧ’, ಅಂದರೆ ಸೋಂಕಿಲ್ಲದ ಜಾಗದ, ಶಸ್ತ್ರಚಿಕಿತ್ಸೆಗಳಿಗೆ ಬೇಕಿರುವುದು ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಕೊಡುವ ಸೆಫಜೋಲಿನ್. 24 ಗಂಟೆಯ ನಂತರ ಮುಂದುವರಿಸುವುದರಿಂದ ಲಾಭವಿಲ್ಲ. ಇದನ್ನು ಎಲ್ಲರ ಎದುರು ರೌಂಡ್ಸ್‌ನಲ್ಲಿ ಹೇಳಿದರೆ ನೀವು ಸರಿಯಾಗಿದ್ದೂ ಸೋಲುತ್ತೀರಿ. ಒಬ್ಬರೇ ಇರುವಾಗ ಹೋಗಿ. ರೋಗಿಯ ವಿವರದಿಂದ ಆರಂಭಿಸಿ, ನಿಯಮದಿಂದಲ್ಲ. “ಸರ್, ಹನ್ನೆರಡನೆಯ ಹಾಸಿಗೆಯವರಿಗೆ ಜ್ವರವಿಲ್ಲ, ಗಾಯ ಒಣಗಿದೆ, ಇಂದಿಗೆ ಎರಡನೆಯ ದಿನ. ಸೆಫಜೋಲಿನ್ ನಿಲ್ಲಿಸಬಹುದೇ? ಗಾಯವನ್ನು ನಾಳೆ, ನಾಡಿದ್ದು ನಾನೂ ಬಂದು ನೋಡುತ್ತೇನೆ.” ಕೊನೆಯ ವಾಕ್ಯ ಬಹಳ ಮುಖ್ಯ. ನಿಲ್ಲಿಸಲು ಹೇಳಿ ಮಾಯವಾಗುವವರನ್ನು ವೈದ್ಯರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ; ನಾಳೆ ಸೋಂಕು ಬಂದರೆ ರೋಗಿಯ ಮನೆಯವರು ಕೇಳುವುದು ಅವರನ್ನು.

ಹೇಳಿದ್ದನ್ನು ಫೈಲಿನಲ್ಲಿ ದಿನಾಂಕ ಹಾಕಿ ಬರೆಯಿರಿ. ಒಪ್ಪಿದರೋ ಇಲ್ಲವೋ ಅದನ್ನೂ ನಿಮ್ಮ ದಾಖಲೆಯಲ್ಲಿ ಇಡಿ. ಆಂಟಿಬಯೋಟಿಕ್ ಶುರುವಾಗಿ 48ರಿಂದ 72 ಗಂಟೆಯಾದಾಗ, ಕಲ್ಚರ್ ಕೈಗೆ ಬಂದಿರುವ ಹೊತ್ತಿನಲ್ಲಿ, ಮುಂದುವರಿಸುವುದೋ, ಕೆಲವೇ ಬಗೆಯ ಬ್ಯಾಕ್ಟೀರಿಯಾಗಳನ್ನು ಹೊಡೆಯುವ ಕಿರಿದಾದ ಔಷಧಕ್ಕೆ ಇಳಿಯುವುದೋ, ನಿಲ್ಲಿಸುವುದೋ ಎಂದು ಕೇಳುವ ಅಭ್ಯಾಸವನ್ನು ವಾರ್ಡಿಗೆ ಹಿಡಿಸಿದರೆ ಅಷ್ಟರಿಂದಲೇ ದೊಡ್ಡ ಬದಲಾವಣೆ ಕಾಣುತ್ತದೆ. ಮೈಕ್ರೋಬಯಾಲಜಿಯವರ ಜೊತೆಗೂ ಸೋಂಕು ನಿಯಂತ್ರಣದ ನರ್ಸ್ ಅಕ್ಕಂದಿರ ಜೊತೆಗೂ ಸ್ನೇಹ ಬೆಳೆಸಿ. ಯಾವ ಡೋಸ್ ತಪ್ಪಿದೆ, ಯಾವ ಕ್ಯಾತಿಟರ್ ಹಾಕಿ ಎಷ್ಟು ದಿನವಾಗಿದೆ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುವುದು ಅವರಿಗೆ.

ಭಾಷೆಯ ಬಲ

ಮುಂಬೈಯ ಸರ್ಕಾರಿ ಆಸ್ಪತ್ರೆಗಳಿಗೂ, ಪುಣೆಯ ಸಸೂನ್‌ಗೂ, ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜಿಗೂ ಕಲಬುರಗಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು ರೋಗಿಗಳಾಗಿ ಬರುತ್ತಾರೆ. ಕರಾವಳಿಯಿಂದ ಬಂದ ಹೋಟೆಲ್ ಕೆಲಸದವರಿದ್ದಾರೆ. ಬಿಡುಗಡೆಯ ಚೀಟಿಯ ಇಂಗ್ಲಿಷ್ ಅವರಿಗೆ ಅರ್ಥವಾಗುವುದಿಲ್ಲ, ಮರಾಠಿಯ ವಿವರಣೆ ಅರ್ಧ ಅರ್ಥವಾಗುತ್ತದೆ. “ಕಾಕಾ, ಈ ಗುಳಿಗೆ ಹಾಲಿನ ಜೊತೆ ಬೇಡ, ಹೊಟ್ಟೆಯುರಿಯ ಔಷಧದ ಜೊತೆಯೂ ಬೇಡ, ಅವುಗಳಿಗಿಂತ ಎರಡು ತಾಸು ಮೊದಲೇ ತೆಗೆದುಕೊಳ್ಳಿ” ಎಂದು ಕನ್ನಡದಲ್ಲಿ ಹೇಳುವವರಿದ್ದರೆ ಸಿಪ್ರೊಫ್ಲಾಕ್ಸಸಿನ್ ನಿಜವಾಗಿ ಕೆಲಸ ಮಾಡುತ್ತದೆ. ಕನ್ನಡ, ತುಳು, ಕೊಂಕಣಿ ಬಲ್ಲವರು ಅದನ್ನು ತಮ್ಮ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಮರಾಠಿಯನ್ನೂ ಚೆನ್ನಾಗಿ ಕಲಿಯಿರಿ. ವಾರ್ಡಿನ ನರ್ಸುಗಳ, ಮಾಮಾ-ಮಾವಶಿ ಎಂದು ಕರೆಯುವ ಸಹಾಯಕ ಸಿಬ್ಬಂದಿಯ ಭಾಷೆ ಅದು.

ಕೆಲಸ ಹುಡುಕುವಾಗ

ಆಸ್ಪತ್ರೆಗಳಿಗೆ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಬೇಕಿದ್ದರೆ ಆಂಟಿಬಯೋಟಿಕ್ ಬಳಕೆಯ ನೀತಿಯೂ ಔಷಧ ಸುರಕ್ಷತೆಯ ವ್ಯವಸ್ಥೆಯೂ ಇರಬೇಕು. ಮುಂಬೈ-ಪುಣೆಯ ದೊಡ್ಡ ಖಾಸಗಿ ಆಸ್ಪತ್ರೆಗಳು ಕ್ಲಿನಿಕಲ್ ಫಾರ್ಮಸಿಸ್ಟ್‌ಗಳನ್ನು ತೆಗೆದುಕೊಳ್ಳಲು ಇದೊಂದು ಮುಖ್ಯ ಕಾರಣ. ಇಲ್ಲಿಯೂ ಎಚ್ಚರ ಬೇಕು. ಕೆಲವು ಕಡೆ ಪರಿಶೀಲನಾ ತಂಡ ಬರುವ ತಿಂಗಳಲ್ಲಿ ಕಾಗದ ತುಂಬುವುದಕ್ಕಷ್ಟೇ ನಿಮ್ಮನ್ನು ಬಳಸುತ್ತಾರೆ. ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ: ಸ್ಟೀವರ್ಡ್‌ಶಿಪ್ (ಆಂಟಿಬಯೋಟಿಕ್‌ಗಳ ಸರಿಯಾದ ಬಳಕೆ ನೋಡಿಕೊಳ್ಳುವ) ಸಮಿತಿ ಎಷ್ಟು ದಿನಕ್ಕೊಮ್ಮೆ ಸೇರುತ್ತದೆ? ಸೋಂಕುರೋಗ ತಜ್ಞರು ಇದ್ದಾರೆಯೇ? ರಿಸರ್ವ್ ಔಷಧ ಬರೆಯಲು ಅನುಮತಿ ಬೇಕೇ, ಆ ಅನುಮತಿಯಲ್ಲಿ ಫಾರ್ಮಸಿಸ್ಟ್‌ಗೆ ಪಾತ್ರವಿದೆಯೇ?

ಸಂಬಳದ ವಿಷಯ ಮುಚ್ಚಿಡುವುದು ಸರಿಯಲ್ಲ. ಮೊದಲ ವರ್ಷಗಳಲ್ಲಿ ಅದು ಆರು ವರ್ಷದ ಓದಿಗೆ ತಕ್ಕುದಲ್ಲ, ಮುಂಬೈಯ ಬಾಡಿಗೆಗಂತೂ ಅಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಗೆ 2021ರಲ್ಲಿ ತಿದ್ದುಪಡಿಯಾಗಿ ಕ್ಲಿನಿಕಲ್ ಫಾರ್ಮಸಿಸ್ಟ್ ಎಂಬ ಹುದ್ದೆಗೆ ಹೆಸರು ಸಿಕ್ಕಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಹುದ್ದೆಗಳನ್ನು ಸೃಷ್ಟಿಸುವ ಕೆಲಸ ಬಹಳ ಹಿಂದೆ ಬಿದ್ದಿದೆ. ಇದು ಅನ್ಯಾಯ, ಅತಿ ಹೆಚ್ಚು ಬಡ ರೋಗಿಗಳಿರುವ ಕಡೆಯೇ ಈ ಕೆಲಸ ಮಾಡುವವರಿಲ್ಲ. ನಿಮ್ಮ ಬೆಲೆ ಏರಿಸುವುದು ಅಂಕಿಗಳು. ಸಾವಿರ ರೋಗಿ-ದಿನಗಳಿಗೆ ಎಷ್ಟು ದಿನ ಮೆರೊಪೆನೆಮ್ ಬಳಕೆಯಾಯಿತು, ಇಂಜೆಕ್ಷನ್‌ನಿಂದ ಗುಳಿಗೆಗೆ ಎಷ್ಟು ಜನ ಬದಲಾದರು, ನಿಮ್ಮ ಸಲಹೆಗಳಲ್ಲಿ ಎಷ್ಟನ್ನು ಒಪ್ಪಿದರು ಎಂದು ಪ್ರತಿ ತಿಂಗಳೂ ಲೆಕ್ಕವಿಡಿ. ಆಡಳಿತದವರ ಮುಂದೆ ಆ ಪುಟ ಇಟ್ಟೇ ಸಂಬಳದ ಮಾತು ಎತ್ತಿ.

ಆಸ್ಪತ್ರೆ ಸಿಗದಿದ್ದರೆ ಔಷಧ ಅಂಗಡಿಯೂ ಈ ಹೋರಾಟದ ಜಾಗವೇ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಎಂಬ ಔಷಧ ಪಟ್ಟಿಯ ನಿಯಮದ ಪ್ರಕಾರ ಅದರಲ್ಲಿರುವ ಸೆಫಿಕ್ಸಿಮ್‌ನಂಥ ಔಷಧಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ವೈದ್ಯರ ಮತ್ತು ರೋಗಿಯ ಹೆಸರು, ಔಷಧ, ಪ್ರಮಾಣ ಬರೆದ ರಿಜಿಸ್ಟರನ್ನು ಮೂರು ವರ್ಷ ಇಡಬೇಕು. “ಎರಡೇ ಗುಳಿಗೆ ಕೊಡಿ, ಜ್ವರ ಬಿಟ್ಟರೆ ಸಾಕು” ಎನ್ನುವವರಿಗೆ ಇಲ್ಲ ಎಂದು ಹೇಳಿ, ಏಕೆಂದು ವಿವರಿಸುವ ಫಾರ್ಮಸಿಸ್ಟ್ ಪ್ರತಿ ಬಡಾವಣೆಗೂ ಬೇಕು.

ಮುಂದಿನ ಓದಿಗೆ ವಿಶ್ವ ಆರೋಗ್ಯ ಸಂಸ್ಥೆಯ ಉಚಿತ ಆನ್‌ಲೈನ್ ಸ್ಟೀವರ್ಡ್‌ಶಿಪ್ ಕೋರ್ಸಿನಿಂದ ಆರಂಭಿಸಿ. ಕೆಲವು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ಅಮೆರಿಕದ ಬೋರ್ಡ್ ಆಫ್ ಫಾರ್ಮಸಿ ಸ್ಪೆಷಾಲಿಟೀಸ್‌ನ ಸೋಂಕುರೋಗ ಫಾರ್ಮಸಿ ಪರೀಕ್ಷೆಯ ಬಗ್ಗೆ ಯೋಚಿಸಬಹುದು. ಶುಲ್ಕ ಹೆಚ್ಚು, ಆಸ್ಪತ್ರೆ ಭರಿಸುತ್ತದೆಯೇ ಎಂದು ಮೊದಲು ಕೇಳಿ. ಸದ್ಯಕ್ಕೆ ಓದುತ್ತಿರುವವರು ಮಾಡಬೇಕಾದದ್ದು ಒಂದು ದಪ್ಪ ನೋಟ್‌ಬುಕ್ ಕೊಳ್ಳುವುದು. ದಿನಕ್ಕೊಬ್ಬ ರೋಗಿಯಂತೆ ಹೆಸರಿಲ್ಲದೆ ವಯಸ್ಸು, ತೂಕ, ಕ್ರಿಯಾಟಿನಿನ್, ಸೋಂಕಿನ ಜಾಗ, ಕಲ್ಚರ್, ಕೊಟ್ಟ ಔಷಧ ಬರೆದು, ಪಕ್ಕದಲ್ಲಿ ನೀವಾಗಿದ್ದರೆ ಏನು ಕೊಡುತ್ತಿದ್ದಿರಿ, ಎಷ್ಟು ದಿನ ಎಂದು ಬರೆಯಿರಿ. ಮೂರನೆಯ ದಿನ ಮತ್ತೆ ಹೋಗಿ ರೋಗಿ ಹೇಗಿದ್ದಾರೆಂದು ನೋಡಿ, ಅದನ್ನೂ ಕೆಳಗೆ ಸೇರಿಸಿ. ಸಂದರ್ಶನಕ್ಕೆ ಬರುವಾಗ ಅಂಕಪಟ್ಟಿಯ ಜೊತೆ ಆ ನೋಟ್‌ಬುಕ್ಕನ್ನೂ ತನ್ನಿ. ನಾನಂತೂ ಮೊದಲು ಅದನ್ನೇ ಕೇಳುತ್ತೇನೆ.